ಹತ್ತು ವರುಷ ಕಾಯುವ ಹಣ

ಕಳೆದ ತಿಂಗಳು ಒಂದು ದಿನ ಮಾಟುಂಗದಲ್ಲಿರುವ ಸ್ನೇಹಿತರೊಬ್ಬರ ಹೋಟೆಲಿಗೆ ಹೋಗಿದ್ದೆ. ಬೆಳಗಿನ ತಿಂಡಿಯ ಗಡಿಬಿಡಿ ಮುಗಿದಿತ್ತು. ಮಧ್ಯಾಹ್ನದ ಊಟಕ್ಕೆ ಇನ್ನೂ ಹೊತ್ತಿತ್ತು. ಇಪ್ಪತ್ತೈದು ವರುಷಗಳಿಂದ ಅಲ್ಲಿನ ಗಲ್ಲೆಯ ಮೇಲೆ ಕುಳಿತಿರುವ ರಾಯರು ಎದ್ದು ಒಳಗೆ ಹೋದರು. ಮೊಸರು ಬೆಣ್ಣೆಗಳನ್ನಿಡುವ ಫ್ರಿಜ್ಜನ್ನು ತೆರೆದು, ಮೂಲೆಯಲ್ಲಿ ಸ್ಟೀಲಿನ ಲೋಟವೊಂದರಲ್ಲಿ ನಿಲ್ಲಿಸಿದ್ದ ಪುಟ್ಟ ಶೀಶೆಯನ್ನು ಹೊರತೆಗೆದರು. ಊಟಕ್ಕೆ ಮುಂಚೆ ಚುಚ್ಚಿಕೊಳ್ಳಬೇಕಾದ ಇನ್ಸುಲಿನ್ ಅದು. ಹತ್ತಾರು ವರುಷ ಹೊತ್ತಲ್ಲದ ಹೊತ್ತಿನಲ್ಲಿ ಉಂಡು, ಹೊತ್ತಲ್ಲದ ಹೊತ್ತಿನಲ್ಲಿ ಮಲಗಿದ ನಮ್ಮ ಹೋಟೆಲು ಮಂದಿಯಲ್ಲಿ ಸಕ್ಕರೆ ರೋಗವೇನೂ ಅಪರೂಪವಲ್ಲ.

ಸೂಜಿಯನ್ನು ಹಿಡಿದುಕೊಂಡೇ ರಾಯರು ನನ್ನೊಡನೆ ಎರಡು ಮಾತು ಕೇಳಿದರು. ಅವರ ಮಗ ಎಂಜಿನಿಯರು. ಪುಣೆಯ ದೊಡ್ಡ ಕಂಪೆನಿಯೊಂದರಲ್ಲಿ ಒಳ್ಳೆಯ ಸಂಬಳ. ಅದನ್ನು ಬಿಟ್ಟು, ಸೋಡಿಯಮ್‌ನಿಂದ ಬ್ಯಾಟರಿ ಮಾಡಹೊರಟಿರುವ ಒಂಬತ್ತು ಜನರ ಹೊಸ ಕಂಪೆನಿಗೆ ಸೇರುತ್ತೇನೆಂದು ಅವನು ಹಟ ಹಿಡಿದಿದ್ದಾನೆ. ಸಂಬಳ ಅರ್ಧ, ಉಳಿದದ್ದಕ್ಕೆ ಕಂಪೆನಿಯ ಶೇರು. ಇದು ಮೊದಲನೆಯದು. ಎರಡನೆಯದು ಇನ್ನೂ ಸೂಕ್ಷ್ಮವಾದದ್ದು. ಪರಿಚಯದವರೊಬ್ಬರು ಬಂದು, ಇಂತಹುದೇ ಇನ್ನೊಂದು ಕಂಪೆನಿಯಲ್ಲಿ ಹಣ ಹಾಕಿದರೆ ಮೂರು ವರುಷದಲ್ಲಿ ಹತ್ತು ಪಟ್ಟಾಗುವುದೆಂದು ಹೇಳಿಹೋಗಿದ್ದಾರೆ. ರಾಯರ ಕೈಯಲ್ಲಿರುವುದು ದುಡಿಮೆಯುದ್ದಕ್ಕೂ ಕೂಡಿಟ್ಟ ಹಣ.

“ನೀವು ಪತ್ರಿಕೆಯವರು, ನಾಲ್ಕು ಜನ ಬಲ್ಲವರೊಡನೆ ಮಾತನಾಡುವವರು. ಹುಡುಗನನ್ನು ಕಳಿಸಲೋ ಬೇಡವೋ, ಹಣ ಹಾಕಲೋ ಬೇಡವೋ, ಹೇಳಿ” ಎಂದರು.

ನಾನು ರಾತ್ರಿಶಾಲೆಯಲ್ಲಿ ಎಸ್.ಎಸ್.ಎಲ್.ಸಿ. ಮುಗಿಸಿದವನು. ಆ ದಿನ ಉತ್ತರ ಹೇಳಲಾಗಲಿಲ್ಲ. ಆ ಬಳಿಕ ಓದಿದೆ, ಬಲ್ಲವರನ್ನು ಕೇಳಿದೆ. ಓದುತ್ತ ಹೋದಂತೆ ಒಂದು ಸಂಗತಿ ತಿಳಿದು ಆಶ್ಚರ್ಯವಾಯಿತು: ರಾಯರು ಕೈಯಲ್ಲಿ ಹಿಡಿದಿದ್ದ ಶೀಶೆಯೇ ಇಂತಹ ಹಣದಿಂದ ಹುಟ್ಟಿದ ಕೂಸು. ಈ ಪ್ರಶ್ನೆ ರಾಯರದೊಂದೇ ಅಲ್ಲವಾದ್ದರಿಂದ ತಿಳಿದಷ್ಟನ್ನು ವಾಚಕರ ಮುಂದಿಡುತ್ತಿದ್ದೇನೆ.

ಸಾಲವೂ ಅಲ್ಲ, ಚೀಟಿಯೂ ಅಲ್ಲ

ನನ್ನ ಮೊದಲ ಹೋಟೆಲಿಗಾಗಿ ಬ್ಯಾಂಕೊಂದರ ಮೆಟ್ಟಿಲು ಹತ್ತಿದಾಗ ಅವರು ಕೇಳಿದ್ದು ಒಂದೇ ಮಾತು: “ಅಡವಿಗೆ ಏನಿದೆ?” ನನ್ನಲ್ಲಿ ಏನೂ ಇರಲಿಲ್ಲ. ಕಡೆಗೆ ಹಣ ಕೊಟ್ಟವರು ನಾನು ಮಾಣಿಯಾಗಿ ದುಡಿದ ಹಳೆಯ ಧನಿಗಳು. “ಲಾಭವಾದರೆ ನನಗೆ ನಾಲ್ಕಾಣೆ ಪಾಲು. ಮುಳುಗಿದರೆ ನಿನ್ನನ್ನು ಕೇಳುವುದಿಲ್ಲ” ಎಂದರು. ಬಡ್ಡಿಯ ಮಾತಿಲ್ಲ, ಕಂತಿನ ಮಾತಿಲ್ಲ. ಬ್ಯಾಂಕು ನನ್ನ ಆಸ್ತಿಯನ್ನು ನೋಡಿತು. ಧನಿಗಳು ನನ್ನನ್ನು ನೋಡಿದರು.

ಇಂಗ್ಲಿಷಿನಲ್ಲಿ ವೆಂಚರ್ ಕ್ಯಾಪಿಟಲ್ ಎಂದೂ ನಮ್ಮಲ್ಲಿ ಸಾಹಸ ಬಂಡವಾಳವೆಂದೂ ಕರೆಯುವುದು ಮೂಲದಲ್ಲಿ ಇದನ್ನೇ. ಆದರೆ ಒಂದು ದೊಡ್ಡ ವ್ಯತ್ಯಾಸವಿದೆ. ಹೋಟೆಲಿನ ವಿದ್ಯೆ ಎಲ್ಲರೂ ಬಲ್ಲದ್ದು. ರಾತ್ರಿ ರುಬ್ಬಿಟ್ಟ ಹಿಟ್ಟು ಬೆಳಗಾಗುವಷ್ಟರಲ್ಲಿ ಹುದುಗುವುದೆಂಬುದರಲ್ಲಿ ಯಾರಿಗೂ ಸಂದೇಹವಿಲ್ಲ. ಗಿರಾಕಿ ಬರುವರೋ ಇಲ್ಲವೋ ಎಂಬುದಷ್ಟೇ ಚಿಂತೆ. ಹೊಸ ವಿಜ್ಞಾನವನ್ನು ನಂಬಿ ಹುಟ್ಟುವ ಕಂಪೆನಿಗಳ ಪಾಡು ಹಾಗಲ್ಲ. ಇವನ್ನು ಈಗ ‘ಡೀಪ್ ಟೆಕ್’ ಕಂಪೆನಿಗಳೆನ್ನುತ್ತಾರೆ. ರಾಕೆಟ್ಟು, ಹೊಸ ಔಷಧ, ಹೊಸ ಬ್ಯಾಟರಿ ಮುಂತಾದವು ಈ ಗುಂಪಿಗೆ ಸೇರಿದವು. ಇಲ್ಲಿ ಗಿರಾಕಿಗಳು ಕಾದೇ ಇದ್ದಾರೆ. ಹಿಟ್ಟು ಹುದುಗುವುದೋ ಇಲ್ಲವೋ ಎಂಬುದೇ ತಿಳಿಯದು. ಅದನ್ನು ತಿಳಿಯುವುದಕ್ಕೆ ಐದು ವರುಷವಾಗಬಹುದು, ಹತ್ತಾಗಬಹುದು. ಅಷ್ಟು ದಿನವೂ ಒಲೆ ಉರಿಯುತ್ತಿರಬೇಕು, ಗಲ್ಲೆಗೆ ಒಂದು ಕಾಸೂ ಬಾರದು.

ಒಂದು ಶೀಶೆಯ ಕಥೆ

ಸಕ್ಕರೆ ರೋಗಿಯೊಬ್ಬನಿಗೆ ಮೊದಲ ಬಾರಿ ಇನ್ಸುಲಿನ್ ಕೊಟ್ಟದ್ದು ೧೯೨೨ರ ಜನವರಿಯಲ್ಲಿ, ಕೆನಡಾ ದೇಶದ ಟೊರಾಂಟೊ ನಗರದಲ್ಲಿ. ಅಲ್ಲಿಂದ ಮುಂದೆ ಅರವತ್ತು ವರುಷಗಳ ಕಾಲ ಈ ಔಷಧವನ್ನು ಕಸಾಯಿಖಾನೆಗಳಿಂದ ತಂದ ದನ ಮತ್ತು ಹಂದಿಗಳ ಮೇದೋಜೀರಕ ಗ್ರಂಥಿಗಳಿಂದ ತೆಗೆಯುತ್ತಿದ್ದರು. ಒಂದು ಪೌಂಡು ಇನ್ಸುಲಿನ್ನಿಗೆ ಸಾವಿರಾರು ಪೌಂಡು ಗ್ರಂಥಿಗಳು ಬೇಕಾಗುತ್ತಿದ್ದವು. ಕೆಲವು ರೋಗಿಗಳ ಮೈಗೆ ಅದು ಒಗ್ಗುತ್ತಲೂ ಇರಲಿಲ್ಲ.

೧೯೭೩ರಲ್ಲಿ ಅಮೆರಿಕೆಯ ಕ್ಯಾಲಿಫೋರ್ನಿಯದಲ್ಲಿ ಹರ್ಬರ್ಟ್ ಬಾಯರ್ ಮತ್ತು ಸ್ಟಾನ್ಲಿ ಕೋಹೆನ್ ಎಂಬ ಇಬ್ಬರು ವಿಜ್ಞಾನಿಗಳು, ಒಂದು ಜೀವಿಯ ವಂಶವಾಹಿಯ ತುಣುಕನ್ನು ಕತ್ತರಿಸಿ ಬ್ಯಾಕ್ಟೀರಿಯದೊಳಗೆ ಕೂಡಿಸುವ ವಿಧಾನವನ್ನು ಸಾಧಿಸಿ ತೋರಿಸಿದರು. ಹಾಗಾದರೆ ಮನುಷ್ಯನ ಇನ್ಸುಲಿನ್ನಿನ ವಂಶವಾಹಿಯನ್ನು ಬ್ಯಾಕ್ಟೀರಿಯದಲ್ಲಿಟ್ಟರೆ, ಅದು ನಮಗಾಗಿ ಇನ್ಸುಲಿನ್ ಮಾಡಿಕೊಡಲಾರದೇ? ಆಗಬಹುದು, ಆದರೆ ಬಹಳ ವರುಷ ಹಿಡಿದೀತೆಂಬುದು ಅನೇಕ ಪಂಡಿತರ ಅಭಿಪ್ರಾಯವಾಗಿತ್ತು.

ಆಗ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ರಾಬರ್ಟ್ ಸ್ವಾನ್ಸನ್ ಎಂಬ ೨೮ ವರುಷದ ಯುವಕನಿದ್ದ. ಸಾಹಸ ಬಂಡವಾಳ ಹೂಡುವ ಕ್ಲೈನರ್–ಪರ್ಕಿನ್ಸ್ ಸಂಸ್ಥೆಯಲ್ಲಿದ್ದ ಕೆಲಸ ಹೋಗಿ, ಸರಕಾರ ಕೊಡುವ ನಿರುದ್ಯೋಗ ಭತ್ತೆಯಲ್ಲಿ ದಿನ ದೂಡುತ್ತಿದ್ದ. ೧೯೭೬ರ ಜನವರಿಯಲ್ಲಿ ಅವನು ಬಾಯರರಿಗೆ ಫೋನು ಮಾಡಿ ಹತ್ತು ನಿಮಿಷದ ಭೇಟಿ ಬೇಡಿದ. ಮಾತು ಮೂರು ಗಂಟೆ ನಡೆಯಿತು. ಇಬ್ಬರೂ ತಲಾ ೫೦೦ ಡಾಲರು ಹಾಕಿ ಕಂಪೆನಿ ಮಾಡುವುದೆಂದು ನಿಶ್ಚಯಿಸಿದರು. ಅದೇ ವರುಷದ ಏಪ್ರಿಲಿನಲ್ಲಿ ‘ಜೆನೆಂಟೆಕ್’ ಹುಟ್ಟಿತು. ಪ್ರಯೋಗಾಲಯವಿಲ್ಲ, ನೌಕರರಿಲ್ಲ, ಮಾರುವ ಸರಕಿಲ್ಲ. ಇದ್ದದ್ದು ಒಂದು ಯೋಚನೆ ಮಾತ್ರ.

ಸ್ವಾನ್ಸನ್ ಹಣ ಕೇಳಲು ಹೋದದ್ದು ತನ್ನನ್ನು ಬಿಡಿಸಿ ಕಳಿಸಿದ ಹಳೆಯ ಧನಿಗಳ ಬಳಿಗೇ. ಟಾಮ್ ಪರ್ಕಿನ್ಸ್ ಒಂದು ಲಕ್ಷ ಡಾಲರು ಕೊಡಲೊಪ್ಪಿದರು. ಪ್ರತಿಯಾಗಿ ಕಂಪೆನಿಯ ಶೇಕಡ ೨೫ರ ಪಾಲು, ನಮ್ಮ ಲೆಕ್ಕದಲ್ಲಿ ನಾಲ್ಕಾಣೆ. ಆದರೆ ಪರ್ಕಿನ್ಸರು ಕಣ್ಣು ಮುಚ್ಚಿಕೊಂಡು ಹಣ ಸುರಿಯಲಿಲ್ಲ. ಮೊದಲೇ ಪ್ರಯೋಗಾಲಯ ಕಟ್ಟಿಸುವುದು ಬೇಡ, ಈ ವಿದ್ಯೆಯಲ್ಲಿ ನುರಿತವರಿರುವ ಸಂಸ್ಥೆಗಳಿಗೆ ಕೆಲಸವನ್ನು ಗುತ್ತಿಗೆಯಾಗಿ ಕೊಟ್ಟು, ಮೊದಲು ಇದು ಆಗುವ ಮಾತೋ ಅಲ್ಲವೋ ಎಂಬುದನ್ನು ಕಂಡುಕೊಳ್ಳಿ ಎಂದರು. ಹೊಸ ಊರಿನಲ್ಲಿ ಹೋಟೆಲು ಹಾಕಬೇಕೆನ್ನುವವನಿಗೆ, ಮೊದಲು ಪರರ ಅಡುಗೆಮನೆ ಬಾಡಿಗೆಗೆ ಹಿಡಿದು ನಾಲ್ಕು ಊಟ ಬಡಿಸಿ ನೋಡೆಂದು ಹೇಳಿದಂತೆ.

ಇನ್ಸುಲಿನ್ ೫೧ ಮಣಿಗಳನ್ನು ಪೋಣಿಸಿದಂತಿರುವ ವಸ್ತು. ಅದಕ್ಕೆ ನೇರವಾಗಿ ಕೈ ಹಚ್ಚದೆ, ಮೊದಲು ಸೊಮಾಟೊಸ್ಟಾಟಿನ್ ಎಂಬ ೧೪ ಮಣಿಗಳ ಚಿಕ್ಕ ಹಾರ್ಮೋನನ್ನು ಮಾಡಿ ನೋಡಿದರು. ‘ಸಿಟಿ ಆಫ್ ಹೋಪ್’ ಎಂಬ ಆಸ್ಪತ್ರೆಯ ಸಂಶೋಧನಾಲಯದಲ್ಲಿ ಕೇಯಿಚಿ ಇಟಕುರ ಮತ್ತು ಆರ್ಥರ್ ರಿಗ್ಸ್ ಅದರ ವಂಶವಾಹಿಯನ್ನು ರಸಾಯನಗಳಿಂದಲೇ ಕಟ್ಟಿದರು. ೧೯೭೭ರಲ್ಲಿ ನಡೆದ ಮೊದಲ ಪರೀಕ್ಷೆಯಲ್ಲಿ ಕೈಗೆ ಸಿಕ್ಕಿದ್ದು ಶೂನ್ಯ. ಬ್ಯಾಕ್ಟೀರಿಯ ಆ ವಸ್ತುವನ್ನು ಮಾಡುತ್ತಿದ್ದಂತೆಯೇ ಅದರೊಳಗಿನ ಕಿಣ್ವಗಳು ಅದನ್ನು ತುಂಡರಿಸುತ್ತಿದ್ದವು. ಆಮೇಲೆ ಅದನ್ನು ಒಂದು ದೊಡ್ಡ ಪ್ರೋಟೀನಿನ ಬಾಲಕ್ಕೆ ಕಟ್ಟಿ ಕಾಪಾಡುವ ಉಪಾಯ ಮಾಡಿದರು. ಎರಡನೆಯ ಸಲ ಕೆಲಸ ಕೈಗೂಡಿತು. ಅಷ್ಟಾದ ಬಳಿಕವೇ, ೧೯೭೮ರಲ್ಲಿ, ಒಂದು ಗೋದಾಮಿನಲ್ಲಿ ಕಂಪೆನಿಯ ಸ್ವಂತ ಪ್ರಯೋಗಾಲಯ ತೆರೆದದ್ದು. ಅದೇ ವರುಷದ ಆಗಸ್ಟಿನಲ್ಲಿ ಮನುಷ್ಯರ ಇನ್ಸುಲಿನ್ ಸಿದ್ಧವಾಯಿತು. ಎಲೈ ಲಿಲ್ಲಿ ಎಂಬ ಔಷಧದ ಕಂಪೆನಿ ಅದನ್ನು ತಯಾರಿಸಿ ಮಾರಲು ಕರಾರು ಮಾಡಿಕೊಂಡಿತು. ಸರಕಾರದ ಒಪ್ಪಿಗೆ ದೊರೆತು ರೋಗಿಗಳಿಗೆ ಅದು ಸಿಗುವಂತಾದದ್ದು ೧೯೮೨ರ ಅಕ್ಟೋಬರಿನ ಬಳಿಕ. ಜೆನೆಂಟೆಕ್ ತನ್ನದೇ ಹೆಸರಿನಲ್ಲಿ ಮಾರಿದ ಮೊದಲ ಔಷಧಕ್ಕೆ ಒಪ್ಪಿಗೆ ಸಿಕ್ಕಿದ್ದು ೧೯೮೫ರಲ್ಲಿ. ಹುಟ್ಟಿದ ವರುಷದಿಂದ ಲೆಕ್ಕ ಹಾಕಿದರೆ ಒಂಬತ್ತು ವರುಷ!

ಈ ನಡುವೆ ೧೯೮೦ರ ಅಕ್ಟೋಬರಿನಲ್ಲಿ ಕಂಪೆನಿಯ ಶೇರುಗಳನ್ನು ೩೫ ಡಾಲರಿನಂತೆ ಸಾರ್ವಜನಿಕರಿಗೆ ಮಾರಿದರು. ಒಂದು ಗಂಟೆಯೊಳಗಾಗಿ ಬೆಲೆ ೮೮ ಡಾಲರಿಗೇರಿತು. ಸಂಜೆಯ ಹೊತ್ತಿಗೆ ೭೧ಕ್ಕಿಳಿಯಿತು. ಮೊದಲ ದಿನ ಲಕ್ಷ ಡಾಲರು ಹಾಕಿದವರಿಗೆ ಬಂದ ಲಾಭವನ್ನು ವಾಚಕರೇ ಊಹಿಸಬಹುದು.

ಹೇಳದೆ ಬಿಡುವ ಕಥೆಗಳು

ಮನೆಗೆ ಬಂದು ಹಣ ಕೇಳುವವರು ಹೇಳುವುದು ಇಂತಹ ಕಥೆಗಳನ್ನೇ. ಮಿಕ್ಕ ಕಥೆಗಳನ್ನು ಅವರು ಹೇಳುವುದಿಲ್ಲ.

ಕ್ಲೈನರ್–ಪರ್ಕಿನ್ಸರ ಮೊದಲ ನಿಧಿ ೧೯೭೨ರಲ್ಲಿ ಕೂಡಿದ್ದು, ಸುಮಾರು ೮೦ ಲಕ್ಷ ಡಾಲರಿನದು. ಅವರೇನೂ ಅನನುಭವಿಗಳಲ್ಲ. ಯುಜೀನ್ ಕ್ಲೈನರ್ ಅಮೆರಿಕೆಯ ಪ್ರಸಿದ್ಧ ಫೇರ್‌ಚೈಲ್ಡ್ ಸೆಮಿಕಂಡಕ್ಟರ್ ಕಂಪೆನಿಯನ್ನು ೧೯೫೭ರಲ್ಲಿ ಕಟ್ಟಿದ ಎಂಟು ಜನರಲ್ಲೊಬ್ಬರು. ಪರ್ಕಿನ್ಸರು ಹ್ಯೂಲೆಟ್–ಪ್ಯಾಕರ್ಡಿನಲ್ಲಿ ಪಳಗಿದವರು. ಅಂಥವರ ಹಣವೂ ಮುಳುಗಿದ್ದುಂಟು. ಮೋಟಾರುಸೈಕಲ್ಲನ್ನು ಹಿಮದ ಮೇಲೆ ಓಡುವ ಗಾಡಿಯಾಗಿ ಮಾರ್ಪಡಿಸುವ ಕಂಪೆನಿಯೊಂದಕ್ಕೆ ಅವರು ಹಣ ಹಾಕಿದ್ದರು. ೧೯೭೩ರ ಎಣ್ಣೆಯ ಅಭಾವ ಬಂದು ಅದು ಮಣ್ಣುಪಾಲಾಯಿತು. ಆ ಇಡೀ ನಿಧಿಯ ಲಾಭದಲ್ಲಿ ಬಹುಪಾಲು ಬಂದದ್ದು ಎರಡೇ ಕಂಪೆನಿಗಳಿಂದ: ಒಂದು ಟ್ಯಾಂಡಮ್ ಎಂಬ ಕಂಪ್ಯೂಟರ್ ಕಂಪೆನಿ, ಇನ್ನೊಂದು ಜೆನೆಂಟೆಕ್.

ಇದರ ಗಣಿತವನ್ನು ಗಲ್ಲೆಯ ಲೆಕ್ಕದಂತೆ ಬಿಡಿಸಿ ನೋಡೋಣ. ಉದಾಹರಣೆಗೆ, ಒಬ್ಬ ಹಣವಂತ ಹತ್ತು ಕಂಪೆನಿಗಳಿಗೆ ಒಂದೊಂದು ಲಕ್ಷ ಹಾಕಿದನೆನ್ನಿ. ಏಳು ಪೂರ್ತಿ ಮುಳುಗಿದವು. ಎರಡು ಅಸಲನ್ನಷ್ಟೇ ಹಿಂದಿರುಗಿಸಿದವು. ಹತ್ತನೆಯದು ಮೂರು ಪಟ್ಟು ಕೊಟ್ಟರೆ ಅವನ ಕೈಗೆ ಬರುವುದು ಐದು ಲಕ್ಷ. ಅರ್ಧ ಹಣ ಹೋಯಿತು. ಅದು ಮೂವತ್ತು ಪಟ್ಟು ಕೊಟ್ಟರೆ ಬರುವುದು ಮೂವತ್ತೆರಡು ಲಕ್ಷ. ಆದುದರಿಂದಲೇ ಇವರು ‘ಸ್ವಲ್ಪ ಲಾಭ ಖಂಡಿತ’ ಎನ್ನುವ ಕಡೆಗೆ ತಿರುಗಿಯೂ ನೋಡುವುದಿಲ್ಲ; ಆದರೆ ಬೆಟ್ಟದಷ್ಟಾಗಬೇಕು, ಇಲ್ಲವಾದರೆ ಹೋಗಲಿ ಎನ್ನುತ್ತಾರೆ. ಹತ್ತರಲ್ಲಿ ಯಾವುದು ಬೆಟ್ಟವಾಗುವುದೆಂದು ಮೊದಲೇ ಬಲ್ಲವರು ಯಾರೂ ಇಲ್ಲ. ಹತ್ತಕ್ಕೆ ಹಾಕಬಲ್ಲವನು ಬದುಕಿದ; ಒಂದಕ್ಕೇ ಇದ್ದದ್ದನ್ನೆಲ್ಲ ಹಾಕಿದವನು ಜೂಜಾಡಿದ.

ಇನ್ನೊಂದು ಮಾತನ್ನೂ ಮುಚ್ಚಿಡಬಾರದು. ಹೊರಗಿನ ಹಣ ಬಂದಷ್ಟೂ ಕಂಪೆನಿ ಕಟ್ಟಿದವರ ಪಾಲು ಕರಗುತ್ತದೆ. ಹಣ ಹಾಕಿದ ನಿಧಿಗೂ ಸಾಮಾನ್ಯವಾಗಿ ಸುಮಾರು ಹತ್ತು ವರುಷಗಳ ಅವಧಿಯಿರುವುದರಿಂದ, ಎಂದಾದರೊಂದು ದಿನ ಪಾಲನ್ನು ಮಾರಲೇಬೇಕಾಗುತ್ತದೆ. ಜೆನೆಂಟೆಕ್ಕಿನ ಹೆಚ್ಚಿನ ಪಾಲನ್ನು ಸ್ವಿಟ್ಜರ್ಲೆಂಡಿನ ರೋಶ್ ಕಂಪೆನಿ ೧೯೯೦ರಲ್ಲಿ ಕೊಂಡಿತು; ೨೦೦೯ರಲ್ಲಿ ಪೂರ್ತಿಯಾಗಿ ತನ್ನದಾಗಿಸಿಕೊಂಡಿತು. ಹಣ ಕೊಟ್ಟವನು ಕೊನೆಗೊಂದು ದಿನ ಪಾಲು ಕೇಳುವವನೇ. ಅವನು ಧರ್ಮಕ್ಕೆ ಕೊಟ್ಟಿರುವುದಿಲ್ಲ.

ಬೆಂಗಳೂರಿನ ಮಾತು

ರಾಯರ ಶೀಶೆಯ ಮೇಲೆ ಬೆಂಗಳೂರಿನ ಕಂಪೆನಿಯ ಹೆಸರಿತ್ತು. ಅದರ ಕಥೆಯೂ ಇಲ್ಲಿಗೆ ಸಲ್ಲುವುದೇ.

ಅಮೆರಿಕೆಯಲ್ಲಿ ಇನ್ಸುಲಿನ್ ಸಿದ್ಧವಾದ ೧೯೭೮ರಲ್ಲಿಯೇ, ಬೆಂಗಳೂರಿನ ಕೋರಮಂಗಲದ ಒಂದು ಗ್ಯಾರೇಜಿನಲ್ಲಿ ೨೫ ವರುಷದ ಕಿರಣ್ ಮಜುಂದಾರ್ ಅವರು ೧೦,೦೦೦ ರೂಪಾಯಿಯ ಬಂಡವಾಳದಿಂದ, ಐರ್ಲೆಂಡಿನ ಕಂಪೆನಿಯೊಂದರ ಪಾಲುಗಾರಿಕೆಯಲ್ಲಿ, ‘ಬಯೋಕಾನ್’ ಆರಂಭಿಸಿದರು. ಅಡವಿಗೆ ಆಸ್ತಿಯಿಲ್ಲ, ಕೇಳುವವಳು ಹೆಣ್ಣುಮಗಳು, ಉದ್ಯಮದ ಹೆಸರೋ ಯಾರೂ ಕೇಳಿಲ್ಲದ್ದು. ಬ್ಯಾಂಕುಗಳು ಸಾಲ ಕೊಡಲು ಹಿಂಜರಿದವು. ಪರಂಗಿಹಣ್ಣಿನಿಂದ ತೆಗೆಯುವ ಪಪೈನ್ ಎಂಬ ಕಿಣ್ವ ಅವರ ಮೊದಲ ಸರಕುಗಳಲ್ಲೊಂದು. ೧೯೮೦ರ ದಶಕದ ಕೊನೆಯ ಭಾಗದಲ್ಲಿ, ಮುಂಬಯಿಯ ಐ.ಸಿ.ಐ.ಸಿ.ಐ. ಸಂಸ್ಥೆಯ ಅಧ್ಯಕ್ಷರಾಗಿದ್ದ ನಾರಾಯಣನ್ ವಾಘುಲರ ಬೆಂಬಲದಿಂದ ಅವರ ಸಂಶೋಧನೆಗೆ ಸಾಹಸ ಬಂಡವಾಳ ದೊರೆಯಿತು. ಐ.ಸಿ.ಐ.ಸಿ.ಐ. ಮತ್ತು ಯೂನಿಟ್ ಟ್ರಸ್ಟ್ ಕೂಡಿ ಬೆಂಗಳೂರಿನಲ್ಲಿ ಇದಕ್ಕೆಂದೇ ಒಂದು ಸಂಸ್ಥೆಯನ್ನು ೧೯೮೮ರಲ್ಲಿ ತೆರೆದವು. ಬಯೋಕಾನಿನವರು ಬೇರೆಯೇ ದಾರಿ ಹಿಡಿದು, ಬ್ಯಾಕ್ಟೀರಿಯಕ್ಕೆ ಬದಲಾಗಿ ಯೀಸ್ಟಿನಿಂದ ಮನುಷ್ಯರ ಇನ್ಸುಲಿನ್ ಮಾಡಿ ೨೦೦೪ರಲ್ಲಿ ಮಾರುಕಟ್ಟೆಗೆ ತಂದರು. ಗ್ಯಾರೇಜಿನಿಂದ ಶೀಶೆಯವರೆಗೆ ೨೬ ವರುಷ!

ಇಂದು ಇದೇ ಬಗೆಯ ಹಣ ನಮ್ಮವರು ನೆಲೆಸಿರುವ ಊರುಗಳಲ್ಲೆಲ್ಲ ಓಡಾಡುತ್ತಿದೆ. ಹೈದರಾಬಾದಿನಲ್ಲಿ ಇಸ್ರೋ ಬಿಟ್ಟು ಬಂದ ಇಬ್ಬರು ೨೦೧೮ರಲ್ಲಿ ಕಟ್ಟಿದ ‘ಸ್ಕೈರೂಟ್’ ೨೦೨೨ರ ನವೆಂಬರ್ ೧೮ರಂದು ತನ್ನ ಮೊದಲ ರಾಕೆಟ್ಟನ್ನು ಹಾರಿಸಿತು. ಮದರಾಸಿನ ಐ.ಐ.ಟಿ.ಯ ಆಶ್ರಯದಲ್ಲಿ ಬೆಳೆದ ‘ಅಗ್ನಿಕುಲ್’, ಹಲವು ಬಾರಿ ಮುಂದೂಡಿದ ಮೇಲೆ, ೨೦೨೪ರ ಮೇ ೩೦ರಂದು ಹಾರಿಸಿತು. ೨೦೨೫ರ ಜುಲೈಯಲ್ಲಿ ಕೇಂದ್ರ ಸರಕಾರವು ಸಂಶೋಧನೆಗೂ ಹೊಸ ತಂತ್ರಗಳಿಗೂ ಒಂದು ಲಕ್ಷ ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಇಷ್ಟು ದೀರ್ಘಕಾಲ ಕಾಯುವ ಹಣ ಖಾಸಗಿಯವರಲ್ಲಿ ಸಾಲದೆಂಬುದನ್ನು ಸರಕಾರವೂ ಮನಗಂಡಿದೆಯೆಂದಾಯಿತು.

ರಾಯರಿಗೆ ಹೇಳಿದ್ದು

ಮೊನ್ನೆ ಮತ್ತೆ ಮಾಟುಂಗಕ್ಕೆ ಹೋಗಿ ರಾಯರಿಗೆ ನನ್ನ ಉತ್ತರ ಹೇಳಿದೆ.

ಹಣದ ಮಾತಿಗೆ ಉತ್ತರ ಸ್ಪಷ್ಟ: ಬೇಡ. ನಮ್ಮ ದೇಶದ ಕಾನೂನಿನಂತೆ ಸಾಹಸ ಬಂಡವಾಳದ ನಿಧಿಗಳಲ್ಲಿ ಸಾಮಾನ್ಯವಾಗಿ ಒಬ್ಬನು ಹಾಕಬೇಕಾದ ಕನಿಷ್ಠ ಮೊತ್ತ ಒಂದು ಕೋಟಿ ರೂಪಾಯಿ. ಕಳೆದುಕೊಂಡರೂ ಮನೆಯ ಒಲೆ ಆರದವರು ಮಾತ್ರ ಈ ಬಾಗಿಲೊಳಗೆ ಬರಲಿ ಎಂಬುದೇ ಅದರ ಅರ್ಥ. ಇಂತಹುದರಲ್ಲಿ ಒಬ್ಬನು ಐವತ್ತು ಸಾವಿರ ತನ್ನಿ, ಮೂರು ವರುಷಕ್ಕೆ ಹತ್ತು ಪಟ್ಟು ಖಂಡಿತ ಎಂದರೆ, ಅವನು ತಂದಿರುವುದು ಸಾಹಸ ಬಂಡವಾಳವಲ್ಲ. ಹಣ ಹಾಕುವ ಕಸುಬಿನಲ್ಲಿ ಹಣ್ಣಾದವರೇ ‘ಖಂಡಿತ’ ಎಂಬ ಶಬ್ದವನ್ನಾಡುವುದಿಲ್ಲ. ಸೂಜಿಯ ಮತ್ತು ಶೀಶೆಯ ಖರ್ಚಿಗಿರುವ ಹಣವನ್ನು ಅಲ್ಲಿಗೆ ಕಳಿಸಬೇಡಿ.

ಮಗನ ಮಾತು ಬೇರೆ. ಅವನು ಹಾಕುವುದು ಹಣವನ್ನಲ್ಲ, ವರುಷಗಳನ್ನು. ಕಂಪೆನಿ ಮುಳುಗಿದರೂ ಕಲಿತ ವಿದ್ಯೆ ಮುಳುಗುವುದಿಲ್ಲ. ಆದರೆ ಹೊರಡುವ ಮುನ್ನ ಅವನು ಕಂಪೆನಿಯವರೊಡನೆ ಮೂರು ಪ್ರಶ್ನೆ ಕೇಳಲಿ. ಕೈಯಲ್ಲಿರುವ ಹಣ ಎಷ್ಟು ತಿಂಗಳಿಗೆ ಸಾಕಾಗುವುದು? ಆ ಹಣ ಮುಗಿಯುವುದರೊಳಗೆ ಯಾವ ಸಂಗತಿಯನ್ನು ಸಾಧಿಸಿ ತೋರಿಸುವಿರಿ? ನನಗೆ ಕೊಡುವೆವೆಂದ ಶೇರು ಕಾಗದದಲ್ಲಿದೆಯೋ ಬರೇ ಬಾಯಲ್ಲಿದೆಯೋ, ಎಷ್ಟು ವರುಷಕ್ಕೆ ನನ್ನದಾಗುವುದು, ನಡುವೆ ಬಿಟ್ಟರೆ ಏನಾಗುವುದು? ಇಂತಹ ಶೇರಿನ ಹಕ್ಕು ಕೈಗೆ ಬರಬೇಕಾದರೆ ಕಾನೂನಿನಂತೆ ಒಂದು ವರುಷವಾದರೂ ಕಳೆಯಬೇಕು. ಅನೇಕ ಕಡೆ ನಾಲ್ಕು ವರುಷವಾಗುತ್ತದೆ. ಕೈಗೆ ಬಂದ ಮೇಲೂ ಅದನ್ನು ಕೊಳ್ಳುವವನು ಬರುವವರೆಗೆ ಅದರಿಂದ ಒಂದು ಸೇರು ಅಕ್ಕಿಯನ್ನೂ ತರಲಾಗದು. ಎರಡನೆಯ ಪ್ರಶ್ನೆಗೆ ಅವರು ನೇರವಾಗಿ ಉತ್ತರ ಹೇಳಬಲ್ಲರಾದರೆ, ಅಲ್ಲಿ ಕೆಲಸ ಬಲ್ಲವರಿದ್ದಾರೆಂದು ತಿಳಿಯಬಹುದು. ಪರ್ಕಿನ್ಸರು ಸ್ವಾನ್ಸನ್ನನ್ನು ಕೇಳಿದ್ದೂ ಅದನ್ನೇ.

ನಾಲ್ಕನೆಯ ಪ್ರಶ್ನೆಯನ್ನು ಕೇಳಬೇಕಾದವರು ರಾಯರೇ: ಮಗನ ಸಂಬಳ ಅರ್ಧವಾದರೆ ಮನೆ ಎರಡು ವರುಷ ನಡೆಯುವುದೇ?

ನಮ್ಮಲ್ಲಿ ಅನುಕೂಲವಂತರಾದ ಹೋಟೆಲು ಮಾಲಕರಿಗೂ ಒಂದು ಮಾತು ಹೇಳಬೇಕೆನಿಸುತ್ತದೆ. ನಾವು ಹಣ ಬಂದೊಡನೆ ಊರಲ್ಲಿ ಮನೆ, ಇಲ್ಲಿ ಎರಡನೆಯ ಹೋಟೆಲು ಎನ್ನುತ್ತೇವೆ. ತಪ್ಪಲ್ಲ. ಆದರೆ ಹಿಂದಿನವರು ಮಾಣಿಗಳಿಗಾಗಿ ರಾತ್ರಿಶಾಲೆಗಳಿಗೆ ಹಣ ಕೊಟ್ಟಾಗ, ಅದರ ಫಲವನ್ನು ಕಾಣಲು ಇಪ್ಪತ್ತು ವರುಷ ಬೇಕೆಂದು ಬಲ್ಲವರೇ ಆಗಿದ್ದರು. ಇಂದು ಆ ಮಾಣಿಗಳ ಮಕ್ಕಳು ಎಂಜಿನಿಯರರು. ನಾಲ್ಕೈದು ಧನಿಗಳು ಕೂಡಿ, ಬಲ್ಲವರ ಸಲಹೆ ಪಡೆದು, ಕಳೆದುಕೊಳ್ಳಲು ಸಿದ್ಧರಿರುವಷ್ಟನ್ನು ಮಾತ್ರ, ಅಂತಹ ಹುಡುಗರ ಬೆನ್ನಿಗಿಡಬಾರದೇಕೆ? ಕಾಯುವ ವಿದ್ಯೆ ನಮ್ಮವರಿಗೆ ಹೊಸದಲ್ಲ.

ರಾಯರು ಎಲ್ಲವನ್ನೂ ಕೇಳಿದರು. ಮನೆಯ ಸಾಲದ ಕಂತು ಇನ್ನು ಹದಿನಾಲ್ಕು ತಿಂಗಳಿದೆಯೆಂದು ಬೆರಳೆಣಿಸಿದರು. “ಅಷ್ಟು ದಿನ ಅವರು ಕಾಯುತ್ತಾರೋ ಎಂದು ಹುಡುಗ ಕೇಳಲಿ. ಕಾಯದಿದ್ದರೆ ಕಂತನ್ನು ನಾನೇ ಕಟ್ಟುತ್ತೇನೆ. ಆ ಹಣ ಹೇಗೂ ಉಳಿಯಿತಲ್ಲ” ಎಂದರು. ಬಳಿಕ ಶೀಶೆಯನ್ನು ಮೊಸರಿನ ಪಾತ್ರೆಯ ಪಕ್ಕದಲ್ಲಿ ಲೋಟದೊಳಗಿಟ್ಟು, ಫ್ರಿಜ್ಜಿನ ಬಾಗಿಲು ಮುಚ್ಚಿ, ಗಲ್ಲೆಗೆ ಹೋಗಿ ಕುಳಿತರು. ಊಟದ ಗಿರಾಕಿಗಳು ಆಗಲೇ ಬರತೊಡಗಿದ್ದರು.